ಫ್ಯಾನ್ ಕೂಗಿದರೆ ಬದಲಿ ಆಳು ಬಂದಿದ್ದಾನೆ

ಬಸವನಗುಡಿಯಲ್ಲಿ ಒಂದು ಶನಿವಾರ ಸಂಜೆ, ವಿಂಡೋಸ್ ಬದಲು ಲಿನಕ್ಸ್ ಅನ್ನುವ ಮುಕ್ತ ವ್ಯವಸ್ಥೆಯನ್ನು ಕಂಪ್ಯೂಟರಿಗೆ ಹಾಕಿಕೊಂಡು ಬಳಸುವ ಗೆಳೆಯರ ಕೂಟದಲ್ಲಿ, ಅದರಲ್ಲಿ ವಿಡಿಯೊ ಯಾಕೆ ಕೆಡುತ್ತದೆ ಅನ್ನುವುದರ ಬಗ್ಗೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಆಡಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ವಿಷಯ ತಾನಾಗಿ ಶುರುವಾಗಿಬಿಟ್ಟಿತು. ಹತ್ತು ನಿಮಿಷದ ಹಿಂದೆ ಈ ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಚುಚ್ಚಿದಾಗ, ಕಪ್ಪಗಿರಬೇಕಾದ ಕಡೆಯೆಲ್ಲ ವಿಭೂತಿ ಬಳಿದ ಹಾಗೆ ಬೂದು ಕಾಣಿಸಿತು. ಮುಂದಿನ ಸಾಲಿನ ಹಿರಿಯರೊಬ್ಬರು ‘ಬಲ್ಬು ಹೋಗಿದೆ ಕಣಪ್ಪ’ ಅಂದರು. ಬಲ್ಬು ಗಟ್ಟಿಮುಟ್ಟಾಗಿಯೇ ಇದೆ. ಬೆಳಕಿನ ಮಟ್ಟವನ್ನು ಅಂಕಿಯಲ್ಲಿ ಬರೆಯುವಾಗ, ಟಿವಿಯವರ ಲೆಕ್ಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರಿನವರ ಲೆಕ್ಕದಲ್ಲಿ ಕಪ್ಪು 0, ಬಿಳಿ 255. ಎಚ್‌ಡಿಎಂಐ ಕೇಬಲ್ಲಿನ ಆ ತುದಿಯಲ್ಲಿ ಟಿವಿ ಇದೆ ಅಂದುಕೊಂಡ ನನ್ನ ಗ್ರಾಫಿಕ್ಸ್ ಡ್ರೈವರ್ (ಚಿತ್ರ ಬಿಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ), ಕಪ್ಪನ್ನು 16 ಮಾಡಿ ಕಳಿಸಿತು. ಈ ತುದಿಯಲ್ಲಿ ಕಂಪ್ಯೂಟರ್ ಇದೆ ಅಂದುಕೊಂಡ ಪ್ರೊಜೆಕ್ಟರ್, 16 ಬಂದರೆ ಅದು ಕಪ್ಪಲ್ಲ, ಬೂದು ಅಂತ ತೋರಿಸಿತು. ಇಬ್ಬರೂ ತಮ್ಮ ತಮ್ಮ ಪುಸ್ತಕದ ಪ್ರಕಾರ ಸರಿ. ಡ್ರೈವರಿನಲ್ಲಿ ‘ಬ್ರಾಡ್‌ಕಾಸ್ಟ್ ಆರ್‌ಜಿಬಿ’ ಅಂತ ಒಂದು ಆಯ್ಕೆ ಇದೆ. ಅದನ್ನು ‘ಫುಲ್’ಗೆ ತಿರುಗಿಸಿದೆ, ಕಪ್ಪು ಕಪ್ಪಾಯಿತು.

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ವಿಡಿಯೊ ಕೆಟ್ಟರೆ ನಾವು ‘ಏನೋ ಮುರಿದಿದೆ’ ಅಂತ ಹುಡುಕುತ್ತೇವೆ. ನನ್ನ ಅನುಭವದಲ್ಲಿ ಮುರಿದಿರುವುದು ಕಡಿಮೆ. ಇಬ್ಬರ ನಡುವೆ ಮಾತು ತಪ್ಪಿರುತ್ತದೆ. ಇಲ್ಲವೇ ಕೆಲಸಕ್ಕೆ ಬರಬೇಕಾದವನು ಬಂದೇ ಇರುವುದಿಲ್ಲ, ಅವನ ಜಾಗದಲ್ಲಿ ಇನ್ನೊಬ್ಬ ಬಾಯಿ ಮುಚ್ಚಿಕೊಂಡು ದುಡಿಯುತ್ತಿರುತ್ತಾನೆ. ಎರಡನೆಯದರ ಬಗ್ಗೆಯೇ ನನಗೆ ಹೆಚ್ಚು ಹೇಳುವುದಿದೆ.

2005ರ ಸುಮಾರಿಗೆ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರ್ ನನ್ನದು. ಅದರಲ್ಲಿ ಎಂಪ್ಲೇಯರ್ ಅನ್ನುವ ವಿಡಿಯೊ ಪ್ಲೇಯರ್ ಹಾಕಿ ಸಿನಿಮಾ ನೋಡಲು ಕೂತರೆ ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ನಕ್ಷತ್ರಗಳ ನಡುವೆ ಒಂದು ಬೈಗುಳ ಬರುತ್ತಿತ್ತು: ಇದನ್ನು ಆಡಿಸಲು ನಿನ್ನ ಸಿಸ್ಟಂ ತೀರಾ ನಿಧಾನ. ಕೆಳಗೆ ಕಾರಣಗಳ ಪಟ್ಟಿ. ಮೊದಲನೆಯ ಕಾರಣ ಏನು ಗೊತ್ತೇ? ಆಡಿಯೊ ಡ್ರೈವರ್ ಕೆಟ್ಟಿರಬಹುದು, ಬಹುಪಾಲು ಇದೇ, ಅಂತ. ಚಿತ್ರ ತಡವರಿಸಿದರೆ ಸೌಂಡ್ ಕಾರ್ಡನ್ನು ಬೈಯುತ್ತಾರಲ್ಲ, ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಅರ್ಥವಾಯಿತು. ಪ್ಲೇಯರಿಗೆ ಗಡಿಯಾರ ಅಂದರೆ ಧ್ವನಿಯೇ. ಚಿತ್ರದಲ್ಲಿ ಒಂದು ಫ್ರೇಮ್ (ಒಂದು ಬಿಡಿ ಚಿತ್ರ) ಬಿಟ್ಟುಹೋದರೆ ಕಣ್ಣು ಕ್ಷಮಿಸುತ್ತದೆ, ಹಾಡಿನಲ್ಲಿ ಚೂರು ತುಂಡಾದರೂ ಕಿವಿ ಕ್ಷಮಿಸುವುದಿಲ್ಲ. ಹಾಗಾಗಿ ಧ್ವನಿ ಎಲ್ಲಿಗೆ ಬಂದಿದೆ ಅಂತ ಕೇಳಿಕೊಂಡು ಚಿತ್ರ ಅದರ ಹಿಂದೆ ಓಡುತ್ತದೆ. ಆಡಿಯೊ ಡ್ರೈವರ್ ತಪ್ಪು ಹೊತ್ತು ಹೇಳಿದರೆ ಚಿತ್ರ ಎದುಸಿರು ಬಿಡುತ್ತ ಫ್ರೇಮ್ ಬಿಸಾಡುತ್ತದೆ. ನೋಡುವವನು ಗ್ರಾಫಿಕ್ಸ್ ಕಾರ್ಡಿಗೆ ಶಾಪ ಹಾಕುತ್ತಾನೆ.

ನೋವು ಒಂದು ಕಡೆ, ಗಾಯ ಇನ್ನೊಂದು ಕಡೆ. ಅದಕ್ಕೇ ಒಂದು ಫ್ರೇಮ್ ಫೈಲಿನಿಂದ ಪರದೆಗೆ ಹೇಗೆ ಬರುತ್ತದೆ ಅಂತ ಒಮ್ಮೆ ಹಿಂಬಾಲಿಸಬೇಕು.

1080ಪಿ ಚಿತ್ರದಲ್ಲಿ 20,73,600 ಚುಕ್ಕಿಗಳು. ಕಣ್ಣಿಗೆ ಬೆಳಕಿನ ಏರಿಳಿತ ಬೇಗ ಗೊತ್ತಾಗುತ್ತದೆ, ಬಣ್ಣದ್ದು ಅಷ್ಟಾಗಿ ಇಲ್ಲ. ಹಾಗಾಗಿ ವಿಡಿಯೊದಲ್ಲಿ ಪ್ರತಿ ಚುಕ್ಕಿಗೂ ಬೆಳಕನ್ನು ಬರೆದು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗೆ ಒಂದರಂತೆ ಬರೆಯುತ್ತಾರೆ. ಲೆಕ್ಕ ಹಾಕಿದರೆ ಚುಕ್ಕಿಗೆ ಒಂದೂವರೆ ಬೈಟ್, ಫ್ರೇಮಿಗೆ 31 ಲಕ್ಷ ಬೈಟ್. ಪರದೆಗೆ ಇದು ಅರ್ಥವಾಗುವುದಿಲ್ಲ, ಅದಕ್ಕೆ ಕೆಂಪು ಹಸಿರು ನೀಲಿ ಬೇಕು. ಹಾಗೆ ಬದಲಿಸಿ ಚುಕ್ಕಿಗೆ ನಾಲ್ಕು ಬೈಟ್ ಕೊಟ್ಟರೆ ಫ್ರೇಮು 83 ಲಕ್ಷಕ್ಕೆ ಉಬ್ಬುತ್ತದೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಸುಮಾರು 50 ಕೋಟಿ ಬೈಟ್. ಇದೂ ಬರೀ ಸಾಗಣೆ ಕೂಲಿ. ಅದಕ್ಕಿಂತ ಮುಂಚೆ, ನೂರು ಪಾಲಿಗಿಂತ ಹೆಚ್ಚು ಕುಗ್ಗಿಸಿ ಕಟ್ಟಿಟ್ಟ ಗಂಟನ್ನು ಬಿಚ್ಚಬೇಕು, ಅಂದರೆ ಡಿಕೋಡ್ ಮಾಡಬೇಕು.

ಗಂಟು ಬಿಚ್ಚುವುದಕ್ಕೆಂದೇ ಗ್ರಾಫಿಕ್ಸ್ ಚಿಪ್ಪಿನ ಒಂದು ಮೂಲೆಯಲ್ಲಿ ಬೇರೆ ಸರ್ಕ್ಯೂಟ್ ಇರುತ್ತದೆ. ಆಟ ಆಡಿಸುವ ಮೂರು ಆಯಾಮದ ಭಾಗ ಬೇರೆ, ಇದು ಬೇರೆ. ಬಹಳ ಜನ ಇಲ್ಲೇ ಎಡವುವುದು. ‘ನನ್ನ ಡೆಸ್ಕ್‌ಟಾಪ್ ಎಫೆಕ್ಟೆಲ್ಲ ನುಣ್ಣಗೆ ಓಡುತ್ತೆ, ಡ್ರೈವರ್ ಸರಿಯಾಗೇ ಇದೆ’ ಅನ್ನುತ್ತಾರೆ. ಒಂದು ಭಾಗದ ಜೊತೆ ಮಾತಾಡುವ ಡ್ರೈವರ್ ಇದ್ದು, ಇನ್ನೊಂದರ ಜೊತೆ ಮಾತಾಡುವ ಪ್ಯಾಕೇಜ್ ಇಲ್ಲದೇ ಇರಬಹುದು. ಆ ಮಾತಿಗೆ, ಚಿಪ್ ಮಾಡುವ ಕಂಪನಿಗಳಲ್ಲಿ ಇಂಟೆಲ್‌ನವರು ಮಾಡಿದ ದಾರಿ ವಿಎ-ಎಪಿಐ. 2008ರಲ್ಲಿ ಎನ್ವಿಡಿಯಾದವರು ವಿಡಿಪಿಎಯು ಅಂತ ತಮ್ಮದೇ ದಾರಿ ಹಾಕಿದರು, ಆಮೇಲೆ ಎನ್‌ವಿಡೆಕ್ ಅಂತ ಇನ್ನೊಂದಕ್ಕೆ ಹೊರಳಿದರು. ಎಎಂಡಿಯ ಮುಕ್ತ ಡ್ರೈವರುಗಳು ಮೆಸಾ ಅನ್ನುವ ಮುಕ್ತ ಗ್ರಾಫಿಕ್ಸ್ ತಂತ್ರಾಂಶದ ಮೂಲಕ ವಿಎ-ಎಪಿಐ ಮಾತಾಡುತ್ತವೆ. ಫೈರ್‌ಫಾಕ್ಸ್ ಕೇಳುವುದು ವಿಎ-ಎಪಿಐಯನ್ನು. ಎನ್ವಿಡಿಯಾ ಕಾರ್ಡಿನವರಿಗೆ ಅದು ಸಿಗಬೇಕಾದರೆ, ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ದುಭಾಷಿ ಪ್ಯಾಕೇಜೊಂದನ್ನು ಪ್ರತ್ಯೇಕ ಹಾಕಿಕೊಳ್ಳಬೇಕು. ಇಂಟೆಲ್ ಒಂದರಲ್ಲೇ ಎರಡು ಡ್ರೈವರ್: ಹಳೆಯ ಚಿಪ್ಪುಗಳಿಗೆ ಐ965, ಬ್ರಾಡ್‌ವೆಲ್ ಪೀಳಿಗೆಯಿಂದ ಈಚೆಗೆ ಐಎಚ್‌ಡಿ.

ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ತಪ್ಪಿದರೂ ವಿಡಿಯೊ ನಿಲ್ಲುವುದಿಲ್ಲ. ಪ್ಲೇಯರ್ ಏನೂ ಹೇಳದೆ ಗಂಟನ್ನು ಕಂಪ್ಯೂಟರಿನ ಮುಖ್ಯ ಚಿಪ್ಪಾದ ಸಿಪಿಯು ಕೈಗೆ ಕೊಡುತ್ತದೆ. ಮದುವೆ ಮನೆಯಲ್ಲಿ ಅಡುಗೆಯವನು ಕೈಕೊಟ್ಟಾಗ ಮನೆಯ ಹೆಂಗಸರೇ ಒಲೆ ಮುಂದೆ ನಿಂತುಬಿಡುತ್ತಾರಲ್ಲ, ಹಾಗೆ. ಎಲೆಗೆ ಊಟ ಬೀಳುತ್ತದೆ. ಬಂದವರಿಗೆ ಗೊತ್ತಾಗುವುದಿಲ್ಲ. ಒಳಗೆ ಮಾತ್ರ ಹೊಗೆ, ಬೆವರು. ನಮಗೆ ಹೊರಗೆ ಕೇಳಿಸುವುದು ಫ್ಯಾನ್ ಒಂದೇ.

ಬದಲಿ ಆಳನ್ನು ಬೈಯಲೂಬಾರದು ಅನ್ನಿ. ಎವಿ1 ಅನ್ನುವ ಕೋಡೆಕ್, ಅಂದರೆ ವಿಡಿಯೊ ಗಂಟು ಕಟ್ಟುವ ಒಂದು ವಿಧಾನ, 2018ರಲ್ಲಿ ಬಂತು. ಅದನ್ನು ಬಿಚ್ಚುವ ಸರ್ಕ್ಯೂಟ್ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಚಿಪ್ಪುಗಳಿಗೆ ಬಂದದ್ದು 2020ರಿಂದ ಈಚೆಗೆ. ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಯೂಟ್ಯೂಬಿನ ಎವಿ1 ಓಡುತ್ತಿದ್ದರೆ ಅದು ವಿಡಿಯೊಲ್ಯಾನ್ ಬಳಗದವರು ಬರೆದ ಡೇವಿಡ್ ಅನ್ನುವ ಡಿಕೋಡರಿನ ಪುಣ್ಯ. ಬಹುಭಾಗ ಚಿಪ್ಪಿನ ಭಾಷೆಗೆ ತೀರಾ ಹತ್ತಿರದ ಅಸೆಂಬ್ಲಿಯಲ್ಲೇ ಕೈಯಾರೆ ತಿದ್ದಿ ಬರೆದದ್ದು. ಆದರೂ ಬ್ಯಾಟರಿ ಕರಗುವುದು ತಪ್ಪುವುದಿಲ್ಲ. ಅಂಥ ಯಂತ್ರದಲ್ಲಿ ಹಳೆಯ ಕೋಡೆಕ್ ಆದ ಎಚ್.264 ಅನ್ನೇ ಕಳಿಸುವಂತೆ ಕೇಳುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿದರೆ ಹಳೆಯ ಸರ್ಕ್ಯೂಟಿಗೆ ಕೆಲಸ ಸಿಗುತ್ತದೆ, ಫ್ಯಾನ್ ಸುಮ್ಮನಾಗುತ್ತದೆ.

ಈಗ ನನ್ನದೇ ಮರ್ಯಾದೆ ಹೋದ ಕಥೆ. ತ್ಯಾಗರಾಜನಗರದಲ್ಲಿ ನಮ್ಮ ದೊಡ್ಡಪ್ಪ. ನಿವೃತ್ತರು. ಬೆಳಗ್ಗೆ ಪ್ರವಚನ, ರಾತ್ರಿ ಯಕ್ಷಗಾನ, ಎಲ್ಲವೂ ಯೂಟ್ಯೂಬಿನಲ್ಲಿ. ಅವರ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಹೋದೆ. ಪೆನ್‌ಡ್ರೈವಿನಿಂದ ಬೂಟ್ ಆದರೆ ಪರದೆ ಕಪ್ಪು. ಇಂಥ ಹೊತ್ತಿನ ಹಳೆ ಮಂತ್ರ ನನಗೆ ಬಾಯಿಪಾಠ: ಬೂಟ್ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಅಂತ ಒಂದು ಪದ. ಹಾಕಿದೆ, ಪರದೆ ಬಂತು. ಇನ್‌ಸ್ಟಾಲ್ ಆದಮೇಲೂ ಇರಲಿ ಅಂತ ಬೂಟ್ ನಡೆಸುವ ಗ್ರಬ್‌ನ ಫೈಲಿನಲ್ಲೂ ಬರೆದು, ಕಾಫಿ ಕುಡಿದು ಮನೆಗೆ ಬಂದೆ.

ಎಂಟು ತಿಂಗಳು ಕಳೆದ ಮೇಲೆ ದೊಡ್ಡಪ್ಪನ ಫೋನು. ‘ಭಾಗವತರು ಒಂದು ಕಡೆ, ವೇಷ ಒಂದು ಕಡೆ ಆಗಿದೆಯಪ್ಪ. ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತೆ. ಫ್ಯಾನು ಹಿಟ್ಟಿನ ಗಿರಣಿ ಥರ. ಹೊಸದು ತಗೊಳ್ಳೋಣ ಅಂತಿದೀನಿ.’ ಹೋಗಿ ನೋಡಿದೆ. ಗ್ರಾಫಿಕ್ಸ್ ಯಾರು ನಡೆಸುತ್ತಿದ್ದಾರೆ ಅಂತ ಕೇಳಿದರೆ ಬಂದ ಉತ್ತರ ‘ಎಲ್‌ಎಲ್‌ವಿಎಂ‌ಪೈಪ್’. ಅದು ಗ್ರಾಫಿಕ್ಸ್ ಚಿಪ್ಪೇ ಅಲ್ಲ, ಸಿಪಿಯು ವೇಷ ಹಾಕಿಕೊಂಡು ನಿಂತದ್ದು! ಪರದೆಯ ಹೊಣೆಯನ್ನು ಲಿನಕ್ಸಿನ ತಿರುಳಾದ ಕರ್ನಲ್ಲೇ ಹೊರುವ ವ್ಯವಸ್ಥೆ ಅದರ 2009ರ 2.6.29ನೆಯ ಆವೃತ್ತಿಯಲ್ಲಿ ಇಂಟೆಲ್ ಚಿಪ್ಪುಗಳಿಂದ ಶುರುವಾಗಿ ಎಲ್ಲ ಕಡೆ ಹಬ್ಬಿತು. ನೋಮೋಡ್‌ಸೆಟ್ ಅಂದರೆ ‘ಅದನ್ನು ಮುಟ್ಟಬೇಡ’ ಅಂತ. ಅದನ್ನು ಮುಟ್ಟದೆ ಹೋದರೆ ಇವತ್ತಿನ ಡ್ರೈವರುಗಳು ಮೇಲೇಳುವುದೇ ಇಲ್ಲ. ಎಂಟು ತಿಂಗಳು ಆ ಬಡ ಸಿಪಿಯು ಗಂಟೂ ಬಿಚ್ಚಿ, ಬಣ್ಣವೂ ಬದಲಿಸಿ, ಕಿಟಕಿಗಳನ್ನೂ ಬಿಡಿಸಿ, ಮೂರು ಜನರ ಕೆಲಸ ಮಾಡಿತ್ತು. ಒಂದು ಪದ ಅಳಿಸಿದೆ. ದೊಡ್ಡಪ್ಪನಿಗೆ ಮಾತ್ರ ‘ಅಪ್‌ಡೇಟ್ ಮಾಡಿದೆ’ ಅಂದೆ. ಇವತ್ತು ನಿಮ್ಮೆದುರು ನಿಜ ಹೇಳುತ್ತಿದ್ದೇನೆ, ಅವರಿಗೆ ಮುಟ್ಟಿಸಬೇಡಿ.

ಇಲ್ಲೊಬ್ಬರು ಕೇಳಿದರು: ಕರ್ನಲ್ ಅಪ್‌ಡೇಟ್ ಆದ ಮರುದಿನ ಹೀಗೇ ಆಗುತ್ತದಲ್ಲ, ಯಾಕೆ? ಎನ್ವಿಡಿಯಾ ಕಾರ್ಡೇ ಅಂದೆ. ಹೌದು ಅಂದರು. ಅದರ ಮಾಡ್ಯೂಲನ್ನು, ಅಂದರೆ ಕರ್ನಲ್ಲಿಗೆ ಸೇರುವ ಡ್ರೈವರಿನ ತುಂಡನ್ನು, ಪ್ರತಿ ಕರ್ನಲ್ಲಿಗೂ ಮತ್ತೆ ಕಟ್ಟಬೇಕು. ಸೆಕ್ಯೂರ್ ಬೂಟ್ ಅನ್ನುವ ಕಾವಲು ಆನ್ ಇದ್ದರೆ ಅದಕ್ಕೆ ಡಿಜಿಟಲ್ ಸಹಿಯೂ ಬೇಕು. ಸಹಿ ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್, ಮತ್ತೆ ಬದಲಿ ಆಳು. ‘ಎಲ್‌ಎಸ್‌ಪಿಸಿಐ’ ಅನ್ನುವ ಆಜ್ಞೆಗೆ ‘ಕೆ’ ಸೇರಿಸಿ ಟರ್ಮಿನಲ್ಲಿನಲ್ಲಿ ಓಡಿಸಿ, ಕಾರ್ಡಿನ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಅನ್ನುವ ಸಾಲು ಇದೆಯೋ ಇಲ್ಲವೋ ನೋಡಿ. ಸಾಲೇ ಇಲ್ಲದಿದ್ದರೆ ಪ್ಲೇಯರಿನ ಸೆಟ್ಟಿಂಗ್ ತಡಕುವುದು ವ್ಯರ್ಥ.

ಪರದೆ ಅಡ್ಡಡ್ಡ ಹರಿಯುವುದಕ್ಕೆ ಬರೋಣ. ಕ್ಯಾಮೆರಾ ಪಕ್ಕಕ್ಕೆ ಸರಿದಾಗ ದೀಪದ ಕಂಬ ನಡುವೆ ಕತ್ತರಿಸಿ, ಮೇಲಿನ ತುಂಡು ಮುಂದೆ, ಕೆಳಗಿನ ತುಂಡು ಹಿಂದೆ ಕಾಣಿಸುತ್ತದಲ್ಲ, ಅದು. ನಮ್ಮ ಸ್ಕೂಲಿನಲ್ಲಿ ಒಬ್ಬ ಲೆಕ್ಕದ ಮೇಷ್ಟ್ರಿದ್ದರು. ನಾವು ಬೋರ್ಡಿನ ಲೆಕ್ಕವನ್ನು ಅರ್ಧ ನಕಲು ಮಾಡುವಷ್ಟರಲ್ಲಿ ಒರೆಸಿ ಮುಂದಿನದನ್ನು ಬರೆದುಬಿಡುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಮೇಲರ್ಧ ಒಂದು ಲೆಕ್ಕ, ಕೆಳಗರ್ಧ ಇನ್ನೊಂದು. ಮಾನಿಟರ್ ಕೂಡ ಮೇಲಿಂದ ಕೆಳಗೆ, ಸಾಲು ಸಾಲಾಗಿ ನಕಲು ಮಾಡುವ ಹುಡುಗ. ಪರಿಹಾರ ಎಂದರೆ ಎರಡು ಬೋರ್ಡು: ಒಂದನ್ನು ಹುಡುಗರು ನೋಡುತ್ತಿರುವಾಗ ಇನ್ನೊಂದರಲ್ಲಿ ಬರೆದು, ಪುಟ ಮುಗಿದ ಹೊತ್ತಿಗೆ ತಿರುಗಿಸುವುದು. ಲಿನಕ್ಸಿನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆಯ ಹೆಸರು ಎಕ್ಸ್. ಅದು ಹುಟ್ಟಿದ ಕಾಲದಲ್ಲಿ ಈ ಯೋಚನೆ ಅದರ ಅಸ್ತಿಭಾರದಲ್ಲಿ ಇರಲಿಲ್ಲ, ಆಮೇಲೆ ತೇಪೆ ಹಚ್ಚಿದರು. ಅದರ ಜಾಗಕ್ಕೆಂದು 2008ರಲ್ಲಿ ಶುರುವಾದ ವೇಲ್ಯಾಂಡ್, ಪೂರ್ತಿ ಬರೆದ ಬೋರ್ಡನ್ನೇ ತೋರಿಸಬೇಕು ಅನ್ನುವಲ್ಲಿಂದಲೇ ಹೊರಟಿತು.

ಹಾಗಾದರೆ ವೇಲ್ಯಾಂಡಿನಲ್ಲೂ ಎನ್ವಿಡಿಯಾದವರಿಗೆ ಹಳೆಯ ಫ್ರೇಮ್ ಮಿಂಚಿ ಮಾಯವಾಗುತ್ತಿದ್ದದ್ದು ಯಾಕೆ? ಬರೆದು ಮುಗಿಯಿತು ಅಂತ ಹೇಳುವವರು ಯಾರು ಅನ್ನುವುದೇ ಅಲ್ಲಿ ತಕರಾರು. ಮೆಸಾ ಬಳಗದ ಡ್ರೈವರುಗಳಲ್ಲಿ, ಯಾರ ಕೈಲಿ ಸೀಮೆಸುಣ್ಣ ಇದೆ ಅಂತ ಕರ್ನಲ್ಲೇ ಗಮನ ಇಟ್ಟಿರುತ್ತಿತ್ತು, ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಎನ್ವಿಡಿಯಾ ಡ್ರೈವರ್ ಆ ಒಪ್ಪಂದದಲ್ಲಿ ಇರಲಿಲ್ಲ. 2024ರಲ್ಲಿ ‘ಮುಗಿಯಿತು’ ಅಂತ ಬಾಯಿ ಬಿಟ್ಟೇ ಹೇಳುವ ಶಿಷ್ಟಾಚಾರ ವೇಲ್ಯಾಂಡಿಗೆ ಸೇರಿತು, ಅವರ 555ನೆಯ ಸರಣಿಯ ಡ್ರೈವರ್ ಅದನ್ನು ಒಪ್ಪಿಕೊಂಡಿತು. ಯಾರಾದರೂ ಇವತ್ತೂ ಆ ಮಿಂಚಿನ ಬಗ್ಗೆ ದೂರಿದರೆ, ನಾನು ಮೊದಲು ಕೇಳುವುದು ಡ್ರೈವರಿನ ನಂಬರು.

ಇದೇ ಮಾತಿಗೆ ಅಂಟಿಕೊಂಡ ಇನ್ನೊಂದು ಸಿಟ್ಟು ನನಗಿದೆ. ಇಂಟರ್ನೆಟ್ಟಿನ ಪರಿಹಾರಗಳ ಮೇಲೆ ಹಾಲಿನ ಪೊಟ್ಟಣದ ಹಾಗೆ ತಾರೀಖು ಹಾಕಿರಬೇಕಿತ್ತು. ಪರದೆ ಹರಿದರೆ ಇಂಟೆಲ್ ಹೆಸರಿನ ಎಕ್ಸ್ ಡ್ರೈವರ್ ಹಾಕಿ, ಒಂದು ಫೈಲಿನಲ್ಲಿ ‘ಟೇರ್‌ಫ್ರೀ’ ಬರೆಯಿರಿ ಅನ್ನುವ ಸಲಹೆ ಇವತ್ತೂ ಮೊದಲ ಪುಟದಲ್ಲೇ ಸಿಗುತ್ತದೆ. ಅದರ ಕಾಲಕ್ಕೆ ಅದು ಒಳ್ಳೆಯ ಸಲಹೆ. ಆದರೆ 2016ರಲ್ಲೇ ಡೆಬಿಯನ್, ಉಬುಂಟು ಅನ್ನುವ ಎರಡೂ ಡಿಸ್ಟ್ರೊಗಳು (ಲಿನಕ್ಸಿನ ಸಿದ್ಧ ರೂಪಗಳು) ಆ ಡ್ರೈವರ್ ಬಿಟ್ಟು ಮೋಡ್‌ಸೆಟ್ಟಿಂಗ್ ಅನ್ನುವ ಸಾಮಾನ್ಯ ಡ್ರೈವರಿಗೆ ಹೋದವು. ಹೊಸ ಯಂತ್ರಕ್ಕೆ ಹಳೆಯ ಕಷಾಯ ಕುಡಿಸಿ, ಇಲ್ಲದ ರೋಗ ತಂದುಕೊಂಡವರನ್ನು ನಾನು ಕಂಡಿದ್ದೇನೆ.

ಹಳೆಯ ರೋಗಗಳು ಮಜವಾಗಿದ್ದವು, ಅದು ಬೇರೆ. ಆಗ ಎಕ್ಸ್‌ವಿ ಅಂತ, ವಿಡಿಯೊ ತೋರಿಸಲು ಎಕ್ಸ್‌ನ ಒಂದು ಒಳದಾರಿ ಇತ್ತು. ಪ್ಲೇಯರ್ ಕಿಟಕಿಗೆ ಬರೀ ನೀಲಿ ಬಳಿಯುತ್ತಿತ್ತು. ಎಲ್ಲಿ ಆ ನೀಲಿ ಇದೆಯೋ ಅಲ್ಲಿ ಕಾರ್ಡೇ ಚಿತ್ರ ತುಂಬುತ್ತಿತ್ತು. ಸ್ಕ್ರೀನ್‌ಶಾಟ್ ತೆಗೆದರೆ ಸಿನಿಮಾ ಇಲ್ಲ, ನೀಲಿ ಚೌಕ. ತುಂಬುವ ಆಳು ಕಾರ್ಡಿಗೆ ಒಬ್ಬನೇ ಇದ್ದರೆ ಎರಡನೆಯ ವಿಡಿಯೊ ಏಳುತ್ತಲೇ ಇರಲಿಲ್ಲ. ಆಮೇಲೊಂದು ಕಾಲದಲ್ಲಿ ಬ್ರೌಸರ್ ಪ್ಲಗಿನ್ನೊಂದು ಹಾರ್ಡ್‌ವೇರ್ ಡಿಕೋಡ್ ಆನ್ ಮಾಡಿದರೆ ಕೆಂಪನ್ನೂ ನೀಲಿಯನ್ನೂ ಅದಲುಬದಲು ಮಾಡಿ, ಎಲ್ಲರ ಮುಖವನ್ನೂ ನೀಲಿ ಮಾಡುತ್ತಿತ್ತು. ವಾರ್ತೆ ಓದುವವರೂ ನೀಲಮೇಘಶ್ಯಾಮರೇ. ಪೌರಾಣಿಕ ಪ್ರಸಂಗ ನೋಡುತ್ತಿದ್ದ ನಮ್ಮ ದೊಡ್ಡಮ್ಮನಿಗೆ, ಕಂಸನೂ ನೀಲಿಯಾಗುವವರೆಗೆ ಅದು ತೊಂದರೆ ಅಂತಲೇ ಅನ್ನಿಸಿರಲಿಲ್ಲ.

ಹಿಂದಿನ ಸಾಲಿನಿಂದ ಮೃದಂಗ ಕಲಿಯುತ್ತಿರುವ ಹುಡುಗನ ಪ್ರಶ್ನೆ: ಡ್ರೈವರ್ ಸರಿ, ಫ್ಯಾನ್ ಸುಮ್ಮನಿದೆ, ಒಂದು ಫ್ರೇಮೂ ಬಿಟ್ಟುಹೋಗಿಲ್ಲ, ಆದರೂ ಸಿನಿಮಾದಲ್ಲಿ ಕ್ಯಾಮೆರಾ ನಿಧಾನವಾಗಿ ಸರಿದಾಗ ಕುಂಟುತ್ತದೆ. ಯಾಕೆ? ಈ ಪ್ರಶ್ನೆಗೆ ಉತ್ತರ ಅವನ ಕೈಲೇ ಇದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಮಾನಿಟರ್ ಸೆಕೆಂಡಿಗೆ 60 ಸಲ ತಾಜಾ ಆಗುತ್ತದೆ. ಒಂದು ಫ್ರೇಮಿಗೆ ಎರಡೂವರೆ ಸಲ. ಅರ್ಧ ತೋರಿಸಲು ಆಗುವುದಿಲ್ಲವಲ್ಲ, ಒಂದನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತದೆ. ತಕ ತಕಿಟ, ತಕ ತಕಿಟ. ಖಂಡಛಾಪು! ಒಂದು ಫ್ರೇಮ್ 33 ಮಿಲಿಸೆಕೆಂಡ್, ಮುಂದಿನದು 50. ಸಮನಡೆಯಲ್ಲಿ ತೆಗೆದ ದೃಶ್ಯವನ್ನು ಖಂಡಛಾಪಿನಲ್ಲಿ ನಡೆಸಿದರೆ ಕುಂಟದೆ ಇನ್ನೇನು? ಇದಕ್ಕೆ ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. 120 ಹರ್ಟ್ಸ್ ಮಾನಿಟರ್ ಆದರೆ ಪ್ರತಿ ಫ್ರೇಮಿಗೂ ಸರಿಯಾಗಿ ಐದೈದು ಸಲ, ಕುಂಟು ಮಾಯ. ನಮ್ಮ ದೂರದರ್ಶನದ ಕಾಲದ 25 ಫ್ರೇಮಿನ ವಿಡಿಯೊಗಳದ್ದು ಇನ್ನೂ ವಕ್ರ: ಐದು ಫ್ರೇಮಿಗೆ 12 ಪಾಲು, ಎರಡು ಮೂರು ಎರಡು ಮೂರು ಎರಡು. ಅದನ್ನು ಯಾವ ತಾಳಕ್ಕೆ ಕೂರಿಸಬೇಕೋ ಅವನೇ ಹೇಳಲಿ. ಅಂಥ ಹಳೆಯ ರೆಕಾರ್ಡಿಂಗುಗಳಲ್ಲಿ ಅಂಚುಗಳು ಬಾಚಣಿಗೆ ಹಲ್ಲಿನ ಹಾಗೆ ಕಾಣುವುದೂ ಡ್ರೈವರಿನ ತಪ್ಪಲ್ಲ, ಬೆಸ ಸಾಲು ಸರಿ ಸಾಲು ಬೇರೆ ಬೇರೆ ಹೊತ್ತಿನಲ್ಲಿ ತೆಗೆದದ್ದು. ಹಲ್ಲು ಮಾಯವಾಗಲು ಎಂಪಿವಿ ಅನ್ನುವ ಪ್ಲೇಯರಿನಲ್ಲಿ ‘ಡಿ’ ಒತ್ತಿ.

ಎಂಪಿವಿ ಅಂದೆ. ಬದಲಿ ಆಳನ್ನು ಹಿಡಿಯಲು ನಾನು ಮೊದಲು ತೆರೆಯುವುದು ಅದನ್ನೇ, ಬ್ರೌಸರನ್ನಲ್ಲ. ಬ್ರೌಸರಿನಲ್ಲಿ ನೂರೆಂಟು ಕೈಗಳು. ಎಂಪಿವಿಯಲ್ಲಿ ವಿಡಿಯೊ ಓಡುವಾಗ ‘ಐ’ ಒತ್ತಿದರೆ ಎಷ್ಟು ಫ್ರೇಮ್ ಬಿದ್ದುಹೋದವು, ಡಿಕೋಡರಿನಲ್ಲಿ ಎಷ್ಟು, ಪರದೆಗೆ ಕಳಿಸುವಲ್ಲಿ ಎಷ್ಟು ಅಂತ ಬೇರೆ ಬೇರೆ ಲೆಕ್ಕ ಕೊಡುತ್ತದೆ. ಗಾಯ ಎಲ್ಲಿದೆ ಅಂತ ಅರ್ಧ ಅಲ್ಲೇ ತೀರ್ಮಾನ. ಒಂದು ಎಚ್ಚರ: ಎಂಪಿವಿ ತಾನಾಗಿ ಹಾರ್ಡ್‌ವೇರ್ ಬಳಸುವುದಿಲ್ಲ. ಸಿಪಿಯು ಡಿಕೋಡ್ ಹೆಚ್ಚು ನಂಬಿಕಸ್ಥ ಅಂತ ಅವರ ಹಟ, ನನಗೂ ಅದು ಸರಿ ಅನ್ನಿಸುತ್ತದೆ. ‘ಕಂಟ್ರೋಲ್ ಎಚ್’ ಒತ್ತಿ ಆನ್ ಮಾಡಿ ನೋಡಬೇಕು. ಆಗದಿದ್ದರೆ ಟರ್ಮಿನಲ್ಲಿನಲ್ಲಿ ‘ವಿಎಇನ್ಫೋ’ ಓಡಿಸಿ. ಯಾವ ಡ್ರೈವರ್ ಎದ್ದಿತು, ಯಾವ ಕೋಡೆಕ್ ಬಿಚ್ಚಬಲ್ಲದು ಅಂತ ಪಟ್ಟಿ ಬರುತ್ತದೆ.

ಆ ಪಟ್ಟಿಯಲ್ಲಿ ಎಚ್.264 ಇಲ್ಲದಿದ್ದರೆ ಕಾರ್ಡನ್ನು ಬೈಯುವ ಮುಂಚೆ ಯಾವ ಡಿಸ್ಟ್ರೊ ಅಂತ ನೋಡಿಕೊಳ್ಳಿ. 2022ರಲ್ಲಿ ಫೆಡೋರಾ ಡಿಸ್ಟ್ರೊದವರು ಪೇಟೆಂಟ್ ಭಯಕ್ಕೆ ತಮ್ಮ ಮೆಸಾದಿಂದ ಎಚ್.264, ಎಚ್.265 ಬಾಗಿಲುಗಳನ್ನು ಮುಚ್ಚಿದರು. ಎಎಂಡಿ ಕಾರ್ಡು ಅದೇ, ಸರ್ಕ್ಯೂಟ್ ಅದೇ, ಪಕ್ಕದ ಮನೆಯ ಉಬುಂಟುವಿನಲ್ಲಿ ಓಡುತ್ತದೆ, ಇಲ್ಲಿ ಇಲ್ಲ. ಆರ್‌ಪಿಎಂ ಫ್ಯೂಷನ್ ಅನ್ನುವ ಹೊರಗಿನ ಭಂಡಾರದ ‘ಫ್ರೀವರ್ಲ್ಡ್’ ಪ್ಯಾಕೇಜ್ ಹಾಕಿದರೆ ಬಾಗಿಲು ತೆರೆಯುತ್ತದೆ. ಕಾನೂನಿನ ಕಾರಣಕ್ಕೆ ಫ್ಯಾನ್ ತಿರುಗುವುದು ಕಂಪ್ಯೂಟರ್ ಶಾಸ್ತ್ರದ ಯಾವ ಪಠ್ಯದಲ್ಲೂ ನಾನು ಓದಿರಲಿಲ್ಲ.

ಇಷ್ಟೂ ಸರಿ ಇದ್ದು ಬ್ರೌಸರ್ ಮಾತ್ರ ಬೆವರುತ್ತಿದ್ದರೆ ಆಗ ಬ್ರೌಸರಿನ ಸರದಿ. ಫೈರ್‌ಫಾಕ್ಸ್ ಲಿನಕ್ಸಿನಲ್ಲಿ ಇಂಟೆಲ್ ಚಿಪ್ಪಿಗೆ ಹಾರ್ಡ್‌ವೇರ್ ಡಿಕೋಡನ್ನು ತಾನಾಗಿ ಆನ್ ಮಾಡಿದ್ದು 2023ರ ಜುಲೈನಲ್ಲಿ, 115ನೆಯ ಆವೃತ್ತಿಯಲ್ಲಿ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ತಮ್ಮ ಲ್ಯಾಪ್‌ಟಾಪನ್ನೇ ವೇದಿಕೆಗೆ ತಂದರು. ಎರಡು ಗ್ರಾಫಿಕ್ಸ್ ಚಿಪ್ ಇರುವ ಜಾತಿ. ‘ಐ’ ಒತ್ತಿದೆವು: ಡಿಕೋಡರಿನಲ್ಲಿ ನೂರಾರು ಫ್ರೇಮ್ ಬಿದ್ದಿದ್ದವು. ‘ಕಂಟ್ರೋಲ್ ಎಚ್’, ಆಗಲಿಲ್ಲ. ‘ವಿಎಇನ್ಫೋ’ ಡ್ರೈವರೇ ಇಲ್ಲ ಅಂದಿತು. ಅವರ ಫೋನಿನ ಹಾಟ್‌ಸ್ಪಾಟಿನಿಂದ ಒಂದು ಪ್ಯಾಕೇಜ್ ಇಳಿಸಿ ಹಾಕಿದೆವು. ಫ್ಯಾನ್ ಇಳಿಯುತ್ತ ಇಳಿಯುತ್ತ ನಿಂತಿತು, ಸಭೆಯಲ್ಲಿ ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಎಲ್ಲರಿಗೂ ಕಾಣಲಿ ಅಂತ ಈ ಪ್ರೊಜೆಕ್ಟರಿನ ಕೇಬಲ್ ಚುಚ್ಚಿದೆವು. ಫ್ಯಾನ್ ಮತ್ತೆ ಕೂಗಿತು. ಆ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿ ಬೆಸೆದಿರುವುದು ಎರಡನೆಯ ಚಿಪ್ಪಿಗೆ. ಮೊದಲನೆಯದು ಬರೆದದ್ದನ್ನೆಲ್ಲ ಅದು ನಕಲು ಮಾಡಿಕೊಂಡು ಹೊರಗೆ ಕಳಿಸಬೇಕು, ಪರದೆಯೂ ನಡುವೆ ಹರಿಯುತ್ತಿತ್ತು. ಅದಕ್ಕೆ ಕೈ ಹಾಕುವಷ್ಟರಲ್ಲಿ ಹಾಲಿನ ಕಾವಲುಗಾರ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ಆ ಲ್ಯಾಪ್‌ಟಾಪ್ ಮುಂದಿನ ಶನಿವಾರ ಮತ್ತೆ ಬರುತ್ತದೆ.